ಗ್ಯಾಸ್ ಸಿಲಿಂಡರ್ ಕೂಡ ರಕ್ಷಣೆಯೇ: ಕಾಕ್ಸ್ ಬಜಾರ್‌ನ ನಿರಾಶ್ರಿತರನ್ನು ಕಾಯೋದು ಯಾರ ಕೆಲಸ?

ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡ್ತಿದ್ದೆ. ಅಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಮಾತು: "ಇದು ನಮ್ಮ ಟೀಮಿನದಲ್ಲ, ಅವರಿಗೆ ಕಳಿಸಿ." ಗ್ರಾಹಕರ ಒಂದು ದೂರು ಈ ಟೀಮಿಂದ ಆ ಟೀಮಿಗೆ, ಅಲ್ಲಿಂದ ಇನ್ನೊಂದಕ್ಕೆ ಸುತ್ತಿ ವಾರದ ಕೊನೆಗೆ ಮತ್ತೆ ನನ್ನ ಮೇಜಿಗೇ ಬಂದು ಬೀಳ್ತಿತ್ತು. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸ ಸರಿಯಾಗೇ ಮಾಡಿರುತ್ತಿದ್ದರು. ಆದರೂ ಕೆಲಸ ಆಗಿರುತ್ತಿರಲಿಲ್ಲ.

ನಮ್ಮಲ್ಲಿ ಅದರಿಂದ ಆಗ್ತಿದ್ದ ನಷ್ಟ ಅಂದ್ರೆ ಒಂದು ಆ್ಯಪ್ ಎರಡು ದಿನ ಕೈಕೊಡುತ್ತಿತ್ತು, ಅಷ್ಟೇ. ಇದೇ ಎಡವಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಜನ ಬದುಕುತ್ತಿರುವ ನಿರಾಶ್ರಿತರ ಶಿಬಿರದಲ್ಲಿ ಆದರೆ? ಅಲ್ಲಿ ಕೈತಪ್ಪಿ ಹೋಗೋದು ದೂರಿನ ನಂಬರ್ ಅಲ್ಲ, ಒಂದು ಮಗು.

ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಕಥೆ ಓದುತ್ತಾ ಹೋದಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಇದೇ. ರೋಹಿಂಗ್ಯಾಗಳ ಬಗ್ಗೆ ನಮ್ಮಲ್ಲಿ ಚರ್ಚೆ ಆಗೋದು ಹೆಚ್ಚಾಗಿ "ಒಳಗೆ ಬಿಡಬೇಕಾ, ಬೇಡವಾ" ಅನ್ನುವ ಒಂದೇ ಪ್ರಶ್ನೆಯ ಸುತ್ತ. ಬಂದವರನ್ನು ದಿನನಿತ್ಯ ಕಾಯೋದು ಹೇಗೆ, ಅವರ ಪಕ್ಕದಲ್ಲೇ ಇರುವ ಬಡ ಸ್ಥಳೀಯರ ಗತಿ ಏನು ಅನ್ನೋದರ ಬಗ್ಗೆ ಯಾರೂ ಮಾತಾಡಲ್ಲ. ಈ ಲೇಖನ ಅದರ ಬಗ್ಗೆ.

ಎರಡು ತಾಲೂಕು, ದುಪ್ಪಟ್ಟಿಗಿಂತ ಹೆಚ್ಚು ಜನ

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್ ರಾಜ್ಯದಲ್ಲಿ ಸೇನೆ ನಡೆಸಿದ ದಾಳಿಯಿಂದ ತಪ್ಪಿಸಿಕೊಂಡು ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಗಡಿ ದಾಟಿದರು. ಮೊದಲೇ ಬಂದಿದ್ದವರೂ ಸೇರಿ ಬಹುತೇಕ ಎಲ್ಲರೂ ನೆಲೆಯಾಗಿದ್ದು ಉಖಿಯಾ ಮತ್ತು ಟೆಕ್ನಾಫ್ ಎಂಬ ಎರಡು ಉಪಜಿಲ್ಲೆಗಳಲ್ಲಿ. ನಮ್ಮ ಲೆಕ್ಕದಲ್ಲಿ ಎರಡು ತಾಲೂಕು ಅಂದುಕೊಳ್ಳಿ. ಅಲ್ಲಿನ ಸ್ಥಳೀಯರ ಸಂಖ್ಯೆಯೇ ಸುಮಾರು 5 ಲಕ್ಷ. ಅಂದರೆ ಬಂದವರು ಇದ್ದವರಿಗಿಂತ ಹೆಚ್ಚಾದರು. 2024ರ ಆರಂಭದಿಂದ ಒಂದೂವರೆ ವರ್ಷದಲ್ಲಿ ಮತ್ತೆ ಸುಮಾರು ಒಂದೂವರೆ ಲಕ್ಷ ಜನ ಬಂದಿದ್ದಾರೆ.

ಸ್ಥಳೀಯರೇನೂ ಸ್ಥಿತಿವಂತರಲ್ಲ. ಕೂಲಿ, ಮೀನುಗಾರಿಕೆ, ಸಣ್ಣ ಹಿಡುವಳಿಯ ಕೃಷಿ, ಕಾಡಿನ ಉತ್ಪನ್ನ ನಂಬಿದವರು. 2017ರಲ್ಲಿ ಮೊದಲು ಅನ್ನ ಹಾಕಿದ್ದು, ಅಂಗಳದಲ್ಲಿ ಜಾಗ ಕೊಟ್ಟಿದ್ದು ಇವರೇ. ಆಮೇಲೆ ಕೂಲಿ ದರ ಇಳಿಯಿತು, ಸಾಮಾನಿನ ಬೆಲೆ ಏರಿತು, ಕಾಡು ಬೋಳಾಯಿತು, ಟೆಕ್ನಾಫ್‌ನಲ್ಲಿ ಮೊದಲೇ ಇದ್ದ ನೀರಿನ ಕೊರತೆ ಇನ್ನಷ್ಟು ಬಿಗಡಾಯಿಸಿತು. ಕರುಣೆ ನಿಧಾನಕ್ಕೆ ಅಸಮಾಧಾನವಾಗಿದ್ದರಲ್ಲಿ ಆಶ್ಚರ್ಯ ಏನಿದೆ?

'ರಕ್ಷಣೆ' ಅಂದರೆ ಪೊಲೀಸ್ ಅಲ್ಲ

ರಕ್ಷಣೆ ಅಂದ ತಕ್ಷಣ ನಮಗೆ ಲಾಠಿ, ಬಂದೂಕು ನೆನಪಾಗುತ್ತೆ. ಪರಿಹಾರ ಕಾರ್ಯದ ಭಾಷೆಯಲ್ಲಿ ಅದರ ಅರ್ಥವೇ ಬೇರೆ. ಅಕ್ಕಿ ಕೊಡುವುದು ನೆರವು. ಅಕ್ಕಿ ತರಲು ಹೋದ ವಿಧವೆಯೊಬ್ಬಳು ದಾರಿಯಲ್ಲಿ ಕಿರುಕುಳಕ್ಕೆ ಸಿಗದೆ ಮನೆ ಸೇರುವಂತೆ ನೋಡಿಕೊಳ್ಳುವುದು ರಕ್ಷಣೆ. ಮಕ್ಕಳ ಸಾಗಾಟ, ಬಾಲ್ಯವಿವಾಹ, ಹೆಣ್ಣುಮಕ್ಕಳ ಮೇಲಿನ ಹಿಂಸೆ, ದಾಖಲೆ ಇಲ್ಲದಿರುವುದು, ಬಲವಂತದ ವಾಪಸಾತಿ ಎಲ್ಲವೂ ಇದರೊಳಗೆ ಬರುತ್ತವೆ.

ಕಷ್ಟ ಇರೋದು ಇಲ್ಲೇ. ಅಕ್ಕಿಯನ್ನು ಚೀಲದಲ್ಲಿ ಎಣಿಸಬಹುದು. ನಡೆಯದೇ ಹೋದ ಬಾಲ್ಯವಿವಾಹವನ್ನು ಹೇಗೆ ಎಣಿಸ್ತೀರಿ?

ಒಂದು ಉದಾಹರಣೆ ಊಹಿಸಿಕೊಳ್ಳಿ. ಹದಿನಾಲ್ಕು ವರ್ಷದ ಹುಡುಗಿ ಹತ್ತು ದಿನದಿಂದ ಕಲಿಕಾ ಕೇಂದ್ರಕ್ಕೆ ಬಂದಿಲ್ಲ. ಇದು ಮೊದಲು ಗೊತ್ತಾಗೋದು ಶಿಕ್ಷಕಿಗೆ. ಮನೆಯಲ್ಲಿ ಮದುವೆ ಮಾತುಕತೆ ನಡೀತಿದೆ ಅನ್ನೋದು ನೀರಿನ ನಲ್ಲಿಯ ಹತ್ತಿರ ನಿಲ್ಲುವ ಸ್ವಯಂಸೇವಕಿಗೆ ಗೊತ್ತು. ಅಪ್ಪನಿಗೆ ದುಡಿಮೆ ಇಲ್ಲ, ರೇಷನ್ ಸಾಲುತ್ತಿಲ್ಲ ಅನ್ನೋದು ಆಹಾರ ವಿತರಿಸುವವರಿಗೆ ಗೊತ್ತು. ಮೂವರೂ ಬೇರೆ ಬೇರೆ ಸಂಸ್ಥೆಯವರು. ಮೂರು ತುಣುಕು ಒಬ್ಬ ಮಕ್ಕಳ ರಕ್ಷಣಾ ಕಾರ್ಯಕರ್ತೆಯ ಕೈಗೆ ಸೇರಿದರೆ ಆಕೆ ಆ ಮನೆಗೆ ಹೋಗಿ ಮಾತಾಡಬಹುದು. ಸೇರದಿದ್ದರೆ ಹುಡುಗಿ ಹಾಜರಿ ಪುಸ್ತಕದಲ್ಲಿ 'ಗೈರು' ಆಗಿ ಉಳಿಯುತ್ತಾಳೆ, ಅಷ್ಟೇ.

ಸಮನ್ವಯ ಎಂಬ ಒಣ ಪದದ ಒಳಗಿರುವುದು ಇದು. ಯಾರು, ಏನು, ಎಲ್ಲಿ, ಯಾವಾಗ ಮಾಡ್ತಿದ್ದಾರೆ ಅನ್ನುವ ಪಟ್ಟಿ. ಯಾವ ಪ್ರಕರಣ ಬಂದರೆ ಯಾರಿಗೆ ದಾಟಿಸಬೇಕು ಅನ್ನುವ ದಾರಿ. ಹಿಂಸೆ ಅನುಭವಿಸಿದವಳು ಐದು ಸಂಸ್ಥೆಗಳ ಮುಂದೆ ಐದು ಸಲ ಅದೇ ಕಥೆ ಹೇಳಬೇಕಾದ ಪರಿಸ್ಥಿತಿ ಬಾರದಂತೆ ನೋಡಿಕೊಳ್ಳುವ ಒಪ್ಪಂದ.

ಯಜಮಾನರು ಎಷ್ಟು ಮಂದಿ?

ಸಾಮಾನ್ಯವಾಗಿ ನಿರಾಶ್ರಿತರ ವಿಷಯದಲ್ಲಿ ಮುಂದಾಳತ್ವ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ನದು. ಬಾಂಗ್ಲಾದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ (ಭಾರತವೂ ಹಾಕಿಲ್ಲ). ಅಲ್ಲಿನ ಸರ್ಕಾರ ಇವರನ್ನು ಅಧಿಕೃತವಾಗಿ ಕರೆಯೋದು 'ಬಲವಂತವಾಗಿ ಸ್ಥಳಾಂತರಗೊಂಡ ಮ್ಯಾನ್ಮಾರ್ ಪ್ರಜೆಗಳು' ಎಂದು. 2017ರಲ್ಲಿ ಅಲ್ಲಿ ಬೇರೆಯದೇ ವ್ಯವಸ್ಥೆ ರೂಪುಗೊಂಡಿತು. ವಲಸೆ ಸಂಸ್ಥೆ ಐಒಎಂ ಮತ್ತು ಯುಎನ್‌ಎಚ್‌ಸಿಆರ್ ಎರಡೂ ಶಿಬಿರಗಳನ್ನು ಹಂಚಿಕೊಂಡವು. ಎಲ್ಲ ಕ್ಷೇತ್ರಗಳನ್ನು ಜೋಡಿಸಲು ಅಂತರ್‌ವಲಯ ಸಮನ್ವಯ ಗುಂಪೊಂದು ಕೆಲಸ ಮಾಡಿತು. ರಕ್ಷಣಾ ವಲಯದ ಹೊಣೆ ಯುಎನ್‌ಎಚ್‌ಸಿಆರ್‌ಗೆ, ಅದರೊಳಗೆ ಮಕ್ಕಳ ರಕ್ಷಣೆ ಯುನಿಸೆಫ್‌ಗೆ, ಲಿಂಗಾಧಾರಿತ ಹಿಂಸೆಯ ವಿಷಯ ಯುಎನ್‌ಎಫ್‌ಪಿಎಗೆ.

ಸರ್ಕಾರದ ಕಡೆಯಿಂದ ಶಿಬಿರಗಳ ಉಸ್ತುವಾರಿ ನಿರಾಶ್ರಿತರ ಪರಿಹಾರ ಮತ್ತು ವಾಪಸಾತಿ ಆಯುಕ್ತರದ್ದು. ಪ್ರತಿ ಶಿಬಿರಕ್ಕೂ ಒಬ್ಬ ಉಸ್ತುವಾರಿ ಅಧಿಕಾರಿ. ಸ್ಥಳೀಯರ ವಿಷಯ ಬಂದರೆ ಜಿಲ್ಲಾಡಳಿತ. ಗಮನಿಸಿ: ಬೇಲಿಯ ಒಳಗಿನವರಿಗೆ ಒಂದು ಕಚೇರಿ, ಹೊರಗಿನವರಿಗೆ ಇನ್ನೊಂದು. ಆದರೆ ಕಾಡು, ಅಂತರ್ಜಲ, ಮಾನವ ಸಾಗಾಟದ ದಲ್ಲಾಳಿಗಳಿಗೆ ಈ ಗಡಿ ಗೊತ್ತಿಲ್ಲ.

ಒಂದು ಸಿಲಿಂಡರ್ ಮಾಡಿದ್ದು

ಹಾಗಂತ ಎಲ್ಲವೂ ಕೆಟ್ಟಿದೆ ಅಂತಲ್ಲ. ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಗ್ಯಾಸ್ ಸಿಲಿಂಡರ್‌ನದು.

ಮೊದಮೊದಲು ಅಡುಗೆಗೆ ಕಾಡಿನ ಸೌದೆಯೇ ಗತಿ. ಸೌದೆಗೆ ಹೋದ ಹೆಂಗಸರು, ಮಕ್ಕಳ ಮೇಲೆ ದಾಳಿ ಆಗ್ತಿತ್ತು. ಮರ ಮುಗಿದ ಮೇಲೆ ಬೇರನ್ನೂ ಅಗೆದರು, ಗುಡ್ಡದ ಮಣ್ಣು ಸಡಿಲವಾಗಿ ಮಳೆಗಾಲದಲ್ಲಿ ಕುಸಿಯತೊಡಗಿತು. ಸೌದೆಯನ್ನೇ ನಂಬಿದ್ದ ಸ್ಥಳೀಯರಿಗೂ ನಿರಾಶ್ರಿತರಿಗೂ ಜಗಳ. ಗುಡಿಸಲೊಳಗೆ ಹೊಗೆ.

2018ರಿಂದ ಎಲ್‌ಪಿಜಿ ಹಂಚಿಕೆ ಶುರುವಾಯಿತು. ಎಫ್‌ಎಒ, ಐಒಎಂ, ವಿಶ್ವ ಆಹಾರ ಕಾರ್ಯಕ್ರಮ ಸೇರಿ ಗ್ಯಾಸ್ ವಿತರಣೆ, ಗಿಡ ನೆಡುವುದು, ಜೀವನೋಪಾಯ ಮೂರನ್ನೂ ಒಂದೇ ಯೋಜನೆಗೆ ಕಟ್ಟಿದವು. ಸ್ಥಳೀಯ ಬಡ ಕುಟುಂಬಗಳನ್ನೂ ಸೇರಿಸಿಕೊಂಡರು. ಸೌದೆ ಸಂಗ್ರಹ ಇಳಿಯಿತು, ಬೋಳುಗುಡ್ಡಗಳಲ್ಲಿ ಹಸಿರು ಮರಳಿತು, ಹೆಂಗಸರು ಕಾಡಿಗೆ ಹೋಗೋದು ಕಡಿಮೆಯಾಯಿತು. ಕಾಗದದಲ್ಲಿ ಅದು 'ಇಂಧನ' ಯೋಜನೆ. ನಿಜದಲ್ಲಿ ರಕ್ಷಣಾ ಕಾರ್ಯ.

ಆನೆಗಳ ಕಥೆ ಕೊಡಗು, ಸಕಲೇಶಪುರದವರಿಗೆ ಬೇಗ ಅರ್ಥವಾಗುತ್ತೆ. ಕುಟುಪಾಲಾಂಗ್ ಶಿಬಿರ ಎದ್ದಿದ್ದು ಆನೆಗಳು ಓಡಾಡುವ ದಾರಿಯಲ್ಲಿ. ಮೊದಲ ತಿಂಗಳುಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಆನೆ ತುಳಿತಕ್ಕೆ ಸತ್ತರು. ಯುಎನ್‌ಎಚ್‌ಸಿಆರ್ ಮತ್ತು ಐಯುಸಿಎನ್ ಸೇರಿ ನಿರಾಶ್ರಿತರಲ್ಲೇ ಸ್ವಯಂಸೇವಕರ ತಂಡ ಕಟ್ಟಿ, ಕಾವಲು ಗೋಪುರ ಕಟ್ಟಿಸಿ, ಆನೆ ಬಂದರೆ ಸುರಕ್ಷಿತವಾಗಿ ಹಿಂದಕ್ಕೆ ಕಳಿಸುವುದನ್ನು ಕಲಿಸಿದವು.

ಎಲ್ಲಿ ಎಡವಿದರು

ಭದ್ರತೆಯ ಹೆಸರಲ್ಲಿ ಶಿಬಿರಗಳ ಸುತ್ತ ಮುಳ್ಳುತಂತಿ ಬೇಲಿ ಬಂತು. 2021ರ ಮಾರ್ಚ್ 22ರಂದು ಬೆಂಕಿ ಬಿದ್ದಾಗ ಅದೇ ಬೇಲಿ ಓಡುವವರಿಗೆ ಅಡ್ಡ ನಿಂತಿತು. ಕನಿಷ್ಠ 15 ಜನ ಸತ್ತರು, ಸುಮಾರು 45 ಸಾವಿರ ಜನ ಸೂರು ಕಳೆದುಕೊಂಡರು. ಒಂದು ಇಲಾಖೆಗೆ 'ಭದ್ರತೆ' ಅನ್ನಿಸಿದ್ದು ಇನ್ನೊಬ್ಬರ ಪ್ರಾಣಕ್ಕೆ ಕುತ್ತಾಯಿತು.

ಅದೇ ವರ್ಷ ಸೆಪ್ಟೆಂಬರ್ 29ರಂದು ರೋಹಿಂಗ್ಯಾ ನಾಯಕ ಮೊಹಿಬ್ ಉಲ್ಲಾ ಅವರನ್ನು ಶಿಬಿರದೊಳಗೇ ಗುಂಡಿಟ್ಟು ಕೊಂದರು. ತಮಗೆ ಜೀವ ಬೆದರಿಕೆ ಇದೆ ಎಂದು ಅವರು ಮೊದಲೇ ಹೇಳಿಕೊಂಡಿದ್ದರು. ಅಷ್ಟೊಂದು ಸಂಸ್ಥೆಗಳು, ಸಭೆಗಳು, ಪೊಲೀಸರ ನಡುವೆಯೂ ಒಬ್ಬ ಮನುಷ್ಯನನ್ನು ಕಾಪಾಡಲು ಆಗಲಿಲ್ಲ.

ಇನ್ನು ಎಂಜಿನಿಯರಿಂಗ್ ಓದಿದ ನನ್ನನ್ನು ಕಾಡೋದು ಮಾಹಿತಿಯ ಪ್ರಶ್ನೆ. 2018ರ ಜೂನ್‌ನಲ್ಲಿ ಸರ್ಕಾರ ಮತ್ತು ಯುಎನ್‌ಎಚ್‌ಸಿಆರ್ ಜಂಟಿಯಾಗಿ ಬಯೋಮೆಟ್ರಿಕ್ ನೋಂದಣಿ ಶುರು ಮಾಡಿದವು. ರೇಷನ್‌ಗೆ ಅದೇ ಕಾರ್ಡು. ಸರ್ಕಾರ ಕನಿಷ್ಠ 8.3 ಲಕ್ಷ ಜನರ ವಿವರಗಳನ್ನು ವಾಪಸಾತಿ ಪರಿಶೀಲನೆಗೆಂದು ಮ್ಯಾನ್ಮಾರ್‌ಗೆ ಕೊಟ್ಟಿದೆ, ಅನೇಕರಿಗೆ ಇದು ಗೊತ್ತೇ ಇರಲಿಲ್ಲ ಎಂದು 2021ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಹೇಳಿತು. ಒಪ್ಪಿಗೆಯನ್ನು ಪ್ರತ್ಯೇಕವಾಗಿ ಕೇಳಿಯೇ ಪಡೆದಿದ್ದೇವೆ ಎಂದು ಯುಎನ್‌ಎಚ್‌ಸಿಆರ್ ಉತ್ತರಿಸಿತು. ಅಕ್ಕಿಗೆ ಸಾಲಲ್ಲಿ ನಿಂತವರು ಒಂದು ಚೌಕದಲ್ಲಿ ಟಿಕ್ ಹಾಕಿದರೆ ಅದನ್ನು ಸ್ವತಂತ್ರ ಒಪ್ಪಿಗೆ ಅನ್ನಬಹುದಾ? ಡೇಟಾ ಹಂಚಿಕೊಳ್ಳದೆ ಸಮನ್ವಯ ಆಗಲ್ಲ, ನಿಜ. ಯಾರಿಂದ ಓಡಿ ಬಂದರೋ ಅವರಿಗೇ ಹೆಸರು ತಲುಪುವುದಾದರೆ ಅದು ರಕ್ಷಣೆಯೂ ಅಲ್ಲ.

ದುಡ್ಡು ಕಡಿಮೆಯಾದಾಗ

ಈಗಿನ ಬಿಕ್ಕಟ್ಟು ಹಣದ್ದು. 2023ರಲ್ಲಿ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ರೇಷನ್ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಮುಂದಿನ ವರ್ಷ ಚೇತರಿಸಿಕೊಂಡಿತು. 2025ರ ಮಾರ್ಚ್‌ನಲ್ಲಿ 6 ಡಾಲರ್‌ಗೆ ಇಳಿಸುತ್ತೇವೆ ಎಂಬ ಘೋಷಣೆ ಬಂದು, ಕೊನೆ ಗಳಿಗೆಯಲ್ಲಿ 12 ಡಾಲರ್ ಎಂದು ತೀರ್ಮಾನವಾಯಿತು. ಆ ವರ್ಷ ನಿರಾಶ್ರಿತರು ಮತ್ತು ಸ್ಥಳೀಯರು ಸೇರಿ 14.8 ಲಕ್ಷ ಜನರಿಗೆಂದು ಕೇಳಿದ್ದು 93.45 ಕೋಟಿ ಡಾಲರ್. ಕೇಳಿದ್ದೆಲ್ಲ ಕೈಗೆ ಬರಲಿಲ್ಲ.

2025ರ ಜೂನ್‌ನಲ್ಲಿ ಹಣವಿಲ್ಲದೆ ಯುನಿಸೆಫ್ ಕಲಿಕಾ ಕೇಂದ್ರಗಳ ಕೆಲಸ ನಿಲ್ಲಿಸಬೇಕಾಯಿತು. ಸುಮಾರು 1,200 ಸ್ಥಳೀಯ ಶಿಕ್ಷಕರ ಗುತ್ತಿಗೆ ಕೊನೆಗೊಂಡಿತು. ಅವರು ರಸ್ತೆಗಿಳಿದರು. ನನ್ನ ಪ್ರಕಾರ ಇಡೀ ಕಥೆ ಅರ್ಥವಾಗೋದು ಇಲ್ಲಿ. ಶಾಲೆ ಮುಚ್ಚಿದ್ದಕ್ಕೆ ರೋಹಿಂಗ್ಯಾ ಮಗು ಬೀದಿಗೆ ಬಂತು. ಅದೇ ಕಾರಣಕ್ಕೆ ಉಖಿಯಾದ ಯುವತಿಯ ಸಂಬಳ ಹೋಯಿತು. ಇಬ್ಬರ ಹಿತವೂ ಒಂದೇ ಹಗ್ಗಕ್ಕೆ ಕಟ್ಟಿತ್ತು. ಹಾಗಿದ್ದೂ 'ಅವರಿಗೆ ಕೊಟ್ಟಿದ್ದಕ್ಕೆ ನಮಗಿಲ್ಲ' ಎಂಬ ರಾಜಕೀಯ ಹುಟ್ಟೋದು ಸುಲಭ. ಅನುದಾನದ ಕಾಲು ಭಾಗದಷ್ಟು ಸ್ಥಳೀಯರಿಗೆ ಹೋಗಬೇಕೆಂದು ಬಾಂಗ್ಲಾದೇಶ ಪಟ್ಟು ಹಿಡಿದಿದ್ದರ ಹಿಂದಿರುವ ಲೆಕ್ಕವೂ ಇದೇ. ಅದು ನ್ಯಾಯವಾದ ಪಟ್ಟು.

ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳೋದು ಎಣಿಸಲಾಗದ ಕೆಲಸಗಳಿಗೆ. ಅಕ್ಕಿ ನಿಲ್ಲಿಸಿದರೆ ಸುದ್ದಿ ಆಗುತ್ತೆ. ಮನೆಮನೆಗೆ ಹೋಗುವ ಕಾರ್ಯಕರ್ತೆಯನ್ನು ತೆಗೆದರೆ ಆಗಲ್ಲ. ನನ್ನ ವಾದ ಇಷ್ಟೇ: ಕತ್ತರಿ ಹಾಕಲೇಬೇಕಾದರೆ ಸಭೆ, ವರದಿ, ಲೋಗೋಗಳಿಗೆ ಹಾಕಿ. ಶಿಬಿರದ ಒಳಗಿನ ಮತ್ತು ಹೊರಗಿನ ಸ್ಥಳೀಯ ಕಾರ್ಯಕರ್ತೆಯರನ್ನು ಕೊನೆಯವರೆಗೂ ಉಳಿಸಿ. 2020ರೊಳಗೆ ಕನಿಷ್ಠ 25 ಪ್ರತಿಶತ ಹಣ ಸ್ಥಳೀಯ, ರಾಷ್ಟ್ರೀಯ ಸಂಸ್ಥೆಗಳಿಗೆ ಸಾಧ್ಯವಾದಷ್ಟು ನೇರವಾಗಿ ತಲುಪಿಸುತ್ತೇವೆ ಎಂದು ದೊಡ್ಡ ದಾನಿಗಳು 2016ರಲ್ಲೇ ಒಪ್ಪಿದ್ದರು. ಆ ಮಾತನ್ನು ಅವರಿಗೆ ನೆನಪಿಸಬೇಕು.

ಇದು ದೂರದ ಊರಿನ ಕಥೆಯೇನೂ ಅಲ್ಲ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟಿತ್ತು. ಅಲ್ಲಿ ನೆಲ ಇತ್ತು, ದುಡಿಯಲು ಅವಕಾಶ ಇತ್ತು, ನೋಂದಣಿ ಪತ್ರ ಇತ್ತು. ಕಾಕ್ಸ್ ಬಜಾರ್‌ನಲ್ಲಿ ಕಾನೂನುಬದ್ಧವಾಗಿ ದುಡಿಯುವ ಹಕ್ಕೇ ಇಲ್ಲ. ದುಡಿಯಲು ಬಿಡದವರನ್ನು ಯಾವ ಸಮನ್ವಯವೂ ಹೆಚ್ಚು ಕಾಲ ಕಾಯಲಾರದು.

ಮುಂದಿನ ಸಲ ರೋಹಿಂಗ್ಯಾ ಎಂಬ ಪದ ಸುದ್ದಿಯಲ್ಲಿ ಬಂದಾಗ, 'ಎಷ್ಟು ಜನ ಬಂದರು' ಅನ್ನೋದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ: ಶಾಲೆಗೆ ಬಾರದ ಆ ಹುಡುಗಿಯ ಮನೆಗೆ ಈ ವಾರ ಯಾರಾದರೂ ಹೋದರಾ?