ವಿಮಾನ ಶಿಕ್ಷಕನ ಸೋಪಾನಗಳು

ವಿದ್ಯೆಯನ್ನು ಬಲ್ಲವರೆಲ್ಲರೂ ಅದನ್ನು ಬೋಧಿಸಲು ಅರ್ಹರಾಗಲಾರರು. ಪಾಠಶಾಲೆಯಲ್ಲಿ ಸಲ್ಲುವ ಈ ಮಾತು ಗಗನದಲ್ಲಿ ಇನ್ನೂ ಕಠೋರವಾದ ಸತ್ಯ. ಅಲ್ಲಿ ಬೋಧನೆಯ ದೋಷಕ್ಕೆ ಪ್ರಾಣವೇ ಬೆಲೆಯಾಗಬಹುದು. ಆದುದರಿಂದಲೇ ಐರೋಪ್ಯ ಒಕ್ಕೂಟದ 2011ರ ವೈಮಾನಿಕ ನಿಯಮಾವಳಿಯು ಹಾರಾಟ ಕಲಿಸುವವನ ಅಧಿಕಾರವನ್ನು ಸೋಪಾನಕ್ರಮದಲ್ಲಿ ವಿಧಿಸಿದೆ.

ಹೊಸದಾಗಿ ಅರ್ಹತೆ ಪಡೆದವನು ನಿರ್ಬಂಧಿತ ಶಿಕ್ಷಕ. ತರಬೇತಿ ಸಂಸ್ಥೆಯು ಗೊತ್ತುಪಡಿಸಿದ ಶಿಕ್ಷಕನೊಬ್ಬನ ಮೇಲ್ವಿಚಾರಣೆಯಲ್ಲಿ ಮಾತ್ರ ಅವನು ಕಲಿಸಬಲ್ಲನು. ಶಿಷ್ಯನು ಮೊದಲ ಬಾರಿಗೆ ಏಕಾಕಿಯಾಗಿ ಹಾರಲು, ಅಥವಾ ಮೊದಲ ಬಾರಿಗೆ ಒಬ್ಬನೇ ದೂರದ ಮಾರ್ಗ ಹಿಡಿಯಲು, ಅನುಮತಿ ನೀಡುವ ಅಧಿಕಾರ ಅವನಿಗಿಲ್ಲ. ಪಕ್ಕದ ಆಸನ ಬರಿದಾದ ಆ ಗಳಿಗೆಯಲ್ಲಿ ತಪ್ಪನ್ನು ತಿದ್ದುವ ಕೈ ಇರುವುದಿಲ್ಲ. ಆದ ಕಾರಣ ಶಿಷ್ಯನ ಸಿದ್ಧತೆಯನ್ನು ಅಳೆಯುವ ಹೊಣೆ ಪಳಗಿದ ಕಣ್ಣಿಗೇ ಸೇರಿದ್ದು.

ವಿಮಾನದಲ್ಲಿ ಕನಿಷ್ಠ 100 ಗಂಟೆಗಳ ಬೋಧನೆಯನ್ನೂ ಶಿಷ್ಯರ 25 ಏಕಾಕಿ ಹಾರಾಟಗಳ ಮೇಲ್ವಿಚಾರಣೆಯನ್ನೂ ಪೂರೈಸಿದ ಬಳಿಕ ಈ ನಿರ್ಬಂಧ ಸಡಿಲುತ್ತದೆ. ಆಗ ಮೊದಲ ಏಕಾಕಿ ಹಾರಾಟಕ್ಕೆ ಅಪ್ಪಣೆ ಕೊಡುವ ಭಾರವೂ ಅವನ ಹೆಗಲಿಗೆ ಬರುತ್ತದೆ. ಇದಕ್ಕೂ ಮೇಲಿನ ಮೆಟ್ಟಿಲು ಶಿಕ್ಷಕರನ್ನೇ ಸಿದ್ಧಗೊಳಿಸುವವನದು. ಅವನು ಕನಿಷ್ಠ 500 ಗಂಟೆ ವಿಮಾನದಲ್ಲಿ ಬೋಧಿಸಿರಬೇಕು. ಅಲ್ಲದೆ ಪರೀಕ್ಷಕನ ಎದುರು ತನ್ನ ಸಾಮರ್ಥ್ಯವನ್ನು ರುಜುವಾತುಪಡಿಸಬೇಕು.

ಇಷ್ಟಾದರೂ ಶಿಕ್ಷಕನ ಅರ್ಹತಾಪತ್ರ ಶಾಶ್ವತವಲ್ಲ. ಅದರ ಅವಧಿ 3 ವರ್ಷ ಮಾತ್ರ. ಅವಧಿ ತೀರುವ ಮುನ್ನ ತನ್ನ ಯೋಗ್ಯತೆಯನ್ನು ಅವನು ಮತ್ತೆ ತೋರಿಸಬೇಕು. ಶಿಷ್ಯನ ಕಲಿಕೆಗೆ ಕೊನೆಯಿರಬಹುದು. ಗುರುವಿನ ಕಲಿಕೆಗೆ ಕೊನೆಯಿಲ್ಲ.