ಲಘು ವಿಮಾನಕ್ಕೊಂದು ಕೋನ ಸೂಚಕ

ಗಾಳಿಪಟಕ್ಕೆ ಸೂತ್ರ ಕಟ್ಟುವುದು ನಾಜೂಕಿನ ಕೆಲಸ. ಪಟ ಗಾಳಿಗೆ ಸರಿಯಾದ ಓರೆಯಲ್ಲಿ ನಿಂತರೆ ಮೇಲೇರುತ್ತದೆ. ಓರೆ ತಪ್ಪಿದರೆ ಲಾಗ ಹಾಕಿ ಬೀಳುತ್ತದೆ. ವಿಮಾನದ ರೆಕ್ಕೆಗೂ ಇಂಥದೇ ಓರೆ ಇದೆ. ರೆಕ್ಕೆಯ ಮುಂದಿನ ಮತ್ತು ಹಿಂದಿನ ಅಂಚುಗಳನ್ನು ಸೇರಿಸುವ ನೇರ ಗೆರೆಗೂ ಎದುರಿನಿಂದ ಬರುವ ಗಾಳಿಯ ದಿಕ್ಕಿಗೂ ನಡುವಿನ ಕೋನವನ್ನು ‘ಆಂಗಲ್ ಆಫ್ ಅಟ್ಯಾಕ್’ ಎನ್ನುತ್ತಾರೆ. ನಾವು ಅದನ್ನು ‘ದಾಳಿ ಕೋನ’ ಎಂದು ಕರೆಯೋಣ.

ದಾಳಿ ಕೋನ ಹೆಚ್ಚಿದಂತೆ ರೆಕ್ಕೆಯನ್ನು ಮೇಲೆತ್ತುವ ಬಲವೂ ಹೆಚ್ಚುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. ಸಾಮಾನ್ಯ ಲಘು ವಿಮಾನದಲ್ಲಿ ಕೋನ ಸುಮಾರು 15ರಿಂದ 18 ಡಿಗ್ರಿ ತಲಪಿದಾಗ, ರೆಕ್ಕೆಯ ಮೇಲ್ಮೈಯನ್ನು ಅನುಸರಿಸಿ ಹರಿಯುತ್ತಿದ್ದ ಗಾಳಿ ಅದರಿಂದ ಬೇರ್ಪಟ್ಟು ಸುಳಿಯಾಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದೇ ‘ಸ್ಟಾಲ್’. ಎಂಜಿನ್ ಸರಿಯಾಗಿಯೇ ಓಡುತ್ತಿದ್ದರೂ ಇದು ಸಂಭವಿಸಬಹುದು.

ಆದರೆ ಹೆಚ್ಚಿನ ಲಘು ವಿಮಾನಗಳ ಚಾಲಕರು ನೋಡುವುದು ಕೋನವನ್ನಲ್ಲ, ವೇಗಮಾಪಕವನ್ನು. ಇಂತಿಷ್ಟು ವೇಗಕ್ಕಿಂತ ಕೆಳಗಿಳಿದರೆ ಸ್ಟಾಲ್ ಎಂದು ಅವರು ನೆನಪಿಟ್ಟುಕೊಂಡಿರುತ್ತಾರೆ. ಪೂರ್ಣ ಭಾರ ಹೊತ್ತ ಸೆಸ್ನಾ 172ಎಸ್ ವಿಮಾನಕ್ಕೆ, ಫ್ಲಾಪ್ ಇಳಿಸದೆ ನೇರವಾಗಿ ಹಾರುವಾಗ, ಇದು 53 ನಾಟ್. ಅಂದರೆ ಗಂಟೆಗೆ ಸುಮಾರು 98 ಕಿ.ಮೀ. ವಿಮಾನ ಪಕ್ಕಕ್ಕೆ ವಾಲಿ ತಿರುಗುವಾಗ ಈ ಲೆಕ್ಕ ಬದಲಾಗುತ್ತದೆ. ಆಗ ರೆಕ್ಕೆಗಳು ಭಾರವನ್ನು ಹೊರುವುದರ ಜೊತೆಗೆ ವಿಮಾನದ ಪಥವನ್ನೂ ಬಾಗಿಸಬೇಕು. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ 63 ನಾಟ್‌ಗೆ ಏರುತ್ತದೆ. 60 ಡಿಗ್ರಿ ವಾಲಿದರೆ 75 ನಾಟ್. ಸ್ಟಾಲ್ ಆಗುವ ಕೋನ ಮಾತ್ರ ಹೆಚ್ಚುಕಡಿಮೆ ಅದೇ.

ಇಳಿಯುವ ಮುನ್ನ ರನ್‌ವೇಯ ನೇರಕ್ಕೆ ಬರಲು ತೆಗೆದುಕೊಳ್ಳುವ ಕೊನೆಯ ತಿರುವಿನಲ್ಲಿ ಇದು ಪ್ರಾಣಾಂತಿಕವಾಗಬಲ್ಲದು. ತಿರುವು ತಡವಾಯಿತೆಂದು ಚಾಲಕ ವಿಮಾನವನ್ನು ಇನ್ನಷ್ಟು ವಾಲಿಸಿ, ನಿಯಂತ್ರಣ ದಂಡವನ್ನು ತನ್ನತ್ತ ಎಳೆಯುತ್ತಾನೆ. ಮುಳ್ಳು 60 ನಾಟ್ ತೋರಿಸುತ್ತಿದ್ದರೂ ರೆಕ್ಕೆ ಸ್ಟಾಲ್ ಆಗಬಹುದು. ಒಂದು ರೆಕ್ಕೆ ಮೊದಲು ಸೋತರೆ ವಿಮಾನ ಗಿರಕಿ ಹೊಡೆಯುತ್ತದೆ. ನೆಲ ಕೆಲವೇ ನೂರು ಅಡಿ ಕೆಳಗಿರುವುದರಿಂದ ಚೇತರಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ.

ಕೋನ ಸೂಚಕದ ಪ್ರಯೋಜನ ಇಲ್ಲಿದೆ. ಕೆಲವು ಸೂಚಕಗಳಲ್ಲಿ ಗಾಳಿಯ ದಿಕ್ಕಿಗೆ ತಿರುಗುವ ಪುಟ್ಟ ಪಟ್ಟಿ ಇರುತ್ತದೆ. ಇನ್ನು ಕೆಲವು, ಶೋಧಕದ ಎರಡು ರಂಧ್ರಗಳಲ್ಲಿನ ಒತ್ತಡದ ವ್ಯತ್ಯಾಸದಿಂದ ಕೋನವನ್ನು ಅಳೆಯುತ್ತವೆ. ಫಲಿತಾಂಶ ಸಾಮಾನ್ಯವಾಗಿ ಹಸಿರು, ಹಳದಿ, ಕೆಂಪು ದೀಪಗಳಾಗಿ ಕಣ್ಣೆದುರು ಮೂಡುತ್ತದೆ. ಸೆಸ್ನಾದಲ್ಲಿರುವಂಥ ಎಚ್ಚರಿಕೆಯ ಪೀಪಿ ಅಪಾಯ ಹತ್ತಿರ ಬಂದಾಗ ಮಾತ್ರ ಕೂಗುತ್ತದೆ. ಸೂಚಕವಾದರೋ ಮಿತಿಗೆ ಇನ್ನೆಷ್ಟು ಅಂತರವಿದೆ ಎಂಬುದನ್ನು ಮೊದಲಿನಿಂದಲೇ ತೋರಿಸುತ್ತಿರುತ್ತದೆ. ಅಮೆರಿಕದ ವಾಯುಯಾನ ಆಡಳಿತ ಸಂಸ್ಥೆ 2014ರಲ್ಲಿ ಲಘು ವಿಮಾನಗಳಿಗೆ ಇಂಥ ಸೂಚಕಗಳ ಅನುಮೋದನೆಯ ವಿಧಾನವನ್ನು ಸರಳಗೊಳಿಸಿತು.

ಈ ಉಪಕರಣವೂ ತಪ್ಪು ಹೇಳಬಹುದು. 2018 ಮತ್ತು 2019ರಲ್ಲಿ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಜನ ಸತ್ತರು. ಒಂದೇ ಕೋನ ಸಂವೇದಕದ ತಪ್ಪು ಮಾಹಿತಿಯನ್ನು ನಂಬಿ ಸ್ವಯಂಚಾಲಿತ ವ್ಯವಸ್ಥೆ ಅವುಗಳ ಮೂತಿಯನ್ನು ಕೆಳಗೊತ್ತಿತ್ತು. ಲಘು ವಿಮಾನದ ಈ ಸರಳ ಸೂಚಕ ಹಾಗೆ ಏನನ್ನೂ ಒತ್ತುವುದಿಲ್ಲ, ಬರಿದೇ ತಿಳಿಸುತ್ತದೆ. ಅದನ್ನು ಸರಿಯಾಗಿ ಹೊಂದಿಸಿರಬೇಕು, ಚಾಲಕನಿಗೆ ಅದನ್ನು ಓದುವ ಅಭ್ಯಾಸವೂ ಇರಬೇಕು. ಕೆಂಪು ದೀಪ ಕಂಡಾಗ ದಂಡವನ್ನು ಮುಂದಕ್ಕೆ ತಳ್ಳಿ ಕೋನ ತಗ್ಗಿಸಬೇಕಾದವನು ಅವನೇ.