ವಾಚ್ಯಾರ್ಥವೂ ರೂಢಾರ್ಥವೂ

ಮನೆಗೆ ಬಂದವರನ್ನು "ಊಟವಾಯಿತೆ?" ಎಂದು ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಹೊರಡುವವರು "ಹೋಗುತ್ತೇನೆ" ಎನ್ನದೆ "ಹೋಗಿಬರುತ್ತೇನೆ" ಎನ್ನುವರು. ಅವರು ಮರಳಿ ಬರುವ ದಿನವನ್ನು ಯಾರೂ ಎಣಿಸುತ್ತ ಕೂಡುವುದಿಲ್ಲ. ಪದಗಳು ಹೇಳುವುದು ಒಂದು, ಜನರು ತಿಳಿಯುವುದು ಮತ್ತೊಂದು. ತಾಯ್ನುಡಿಯಲ್ಲಿ ಈ ಭೇದವು ನಮಗೆ ಎದೆಹಾಲಿನೊಡನೆಯೇ ಬಂದಿರುವುದರಿಂದ ತೊಡಕಾಗುವುದಿಲ್ಲ, ಎಡವುವುದು ಪರಭಾಷೆಯಲ್ಲಿ. ಮನೆಮನೆಯ ಮಕ್ಕಳೂ ಇಂಗ್ಲಿಷನ್ನು ಕಲಿಯುತ್ತಿರುವ ಈ ಕಾಲದಲ್ಲಿ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ಅನುಚಿತವಾಗಲಾರದೆಂದು ನಂಬಿರುವೆನು.

ನಮ್ಮ ಆಲಂಕಾರಿಕರು ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂಬ ಮೂರು ಶಕ್ತಿಗಳನ್ನು ಹೇಳಿರುವರು. "ಗಂಗೆಯಲ್ಲಿ ಗೊಲ್ಲರ ಹಟ್ಟಿ" ಎಂಬುದು ಅವರು ಕೊಡುವ ಪ್ರಸಿದ್ಧವಾದ ಉದಾಹರಣೆ. ಹರಿಯುವ ನೀರಿನ ಮೇಲೆ ಹಟ್ಟಿಯು ನಿಲ್ಲಲಾರದು. ಆದುದರಿಂದ "ಗಂಗೆಯ ದಡದಲ್ಲಿ" ಎಂಬುದು ಲಕ್ಷ್ಯಾರ್ಥ. ಆ ಹಟ್ಟಿಯ ತಂಪು, ಪಾವನತ್ವಗಳು ವ್ಯಂಗ್ಯಾರ್ಥ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಈ ವ್ಯಂಗ್ಯವನ್ನೇ ಆಧರಿಸಿ ಧ್ವನಿಯು ಕಾವ್ಯದ ಆತ್ಮವೆಂದು ಸಾಧಿಸಿದನು. ಆದರೆ ಧ್ವನಿಯು ಕಾವ್ಯದಲ್ಲಿ ಮಾತ್ರವೇ ಇರುವುದಲ್ಲ. ಅಂಗಡಿಬೀದಿಯ ಮಾತಿನಲ್ಲಿಯೂ ಇರುವುದು.

ಆಂಗ್ಲರ ನಿತ್ಯದ ನುಡಿಗಳನ್ನೇ ನೋಡಿರಿ. "ಹೌ ಡು ಯು ಡು" ಎಂದು ಹಳೆಯ ಶಿಷ್ಟಾಚಾರದವರು ಕೈಕುಲುಕಿದರೆ, ನಮ್ಮ ಮಂಡಿನೋವಿನ ಕಥೆಯನ್ನು ಬಿಚ್ಚತಕ್ಕದ್ದಲ್ಲ. ಅದೇ ಮಾತನ್ನು ತಿರುಗಿ ಹೇಳುವುದೇ ಅದಕ್ಕೆ ಉತ್ತರ. "ಗುಡ್ ಬೈ" ಎಂಬುದು "ದೇವರು ನಿಮ್ಮೊಡನಿರಲಿ" ಎಂಬರ್ಥದ ವಾಕ್ಯವು ಸವೆದು ಉಳಿದ ರೂಪ. ದೇವರನ್ನು ನಂಬದವನೂ ಅದನ್ನು ಸಂಕೋಚವಿಲ್ಲದೆ ಆಡುವನು. "ಐ ಆಮ್ ಅಫ್ರೇಡ್, ವೈದ್ಯರು ಮನೆಯಲ್ಲಿಲ್ಲ" ಎನ್ನುವವನಿಗೆ ಭಯವೇನೂ ಇಲ್ಲ. ಅಪ್ರಿಯವಾದುದನ್ನು ಮೆತ್ತಗೆ ತಿಳಿಸುವ ಬಗೆಯದು.

ಇವು ನಗೆಗೆ ಕಾರಣವಾಗುವ ತಪ್ಪುಗಳು. ಆದರೆ ಎಲ್ಲ ತಪ್ಪುಗಳೂ ನಗೆಯಲ್ಲಿ ಮುಗಿಯುವುದಿಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿದ್ದನು. ಮೇಲಧಿಕಾರಿಯು ಅವನ ಕೆಲಸವನ್ನು "ಕ್ವೈಟ್ ಗುಡ್" ಎಂದನಂತೆ. "ಗುರುಗಳೇ, ನಿಮ್ಮ ಆಶೀರ್ವಾದ" ಎಂದು ಅವನು ಹಿಗ್ಗಿ ಬರೆದನು. ವರ್ಷ ತುಂಬಿದಾಗ ಬಡ್ತಿಯು ಬೇರೊಬ್ಬನಿಗೆ ದೊರೆಯಿತು. "ಕ್ವೈಟ್" ಎಂದರೆ "ಸಂಪೂರ್ಣವಾಗಿ" ಎಂದು ಅವನಿಗೆ ಕಲಿಸಿದವನು ನಾನು. "ಕ್ವೈಟ್ ರೈಟ್" ಎಂಬಲ್ಲಿ ಅದು ಸರಿಯೇ. ಆದರೆ "ಕ್ವೈಟ್ ಗುಡ್" ಎಂದರೆ ಬ್ರಿಟಿಷರ ಬಾಯಲ್ಲಿ ಬಹಳ ಸಲ "ಪರವಾಗಿಲ್ಲ" ಎಂದಷ್ಟೇ ಅರ್ಥ. ಕೋಶವನ್ನು ಕಲಿಸಿದೆನು, ಲೋಕವನ್ನು ಕಲಿಸಲಿಲ್ಲ. ತಪ್ಪು ಅವನದಲ್ಲ, ನನ್ನದು.

ಒಂದೇ ಭಾಷೆಯನ್ನಾಡುವವರ ನಡುವೆಯೂ ಈ ಅಪಾಯವುಂಟು. 1951ರ ಏಪ್ರಿಲ್ ತಿಂಗಳಲ್ಲಿ, ಕೊರಿಯಾದ ಇಮ್‌ಜಿನ್ ನದಿಯ ಬಳಿ, ಬ್ರಿಟಿಷರ ಗ್ಲಾಸ್ಟರ್ ದಳವನ್ನು ಚೀನೀ ಸೈನ್ಯವು ಸುತ್ತುಗಟ್ಟಿತು. ಬ್ರಿಗೇಡಿಯರ್ ಬ್ರೋಡಿಯು ತನ್ನ ಮೇಲಿನ ಅಮೆರಿಕನ್ ಸೇನಾಪತಿಗೆ "ಥಿಂಗ್ಸ್ ಆರ್ ಎ ಬಿಟ್ ಸ್ಟಿಕಿ, ಸರ್" ಎಂದು ತಿಳಿಸಿದನೆಂದು ಯುದ್ಧವೃತ್ತಾಂತಗಳು ಹೇಳುತ್ತವೆ. "ಸ್ವಲ್ಪ ಅಂಟಂಟಾಗಿದೆ" ಎಂಬುದು ವಾಚ್ಯಾರ್ಥ. ಮಿತವಾಗಿ ನುಡಿಯುವ ಆಂಗ್ಲನಲ್ಲಿ "ವಿನಾಶವು ಸಮೀಪಿಸಿದೆ" ಎಂಬುದು ವ್ಯಂಗ್ಯಾರ್ಥ. ಅಮೆರಿಕನ್ನನು ವಾಚ್ಯಾರ್ಥವನ್ನೇ ಹಿಡಿದನು. ತೊಂದರೆ ಅಲ್ಪವೆಂದು ಬಗೆದನು. ಆ ದಳದ 500ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಅದಕ್ಕೆ ಈ ಮಾತೊಂದೇ ಕಾರಣವೆನ್ನಲಾಗದು; ಆದರೂ ಎರಡು ಸ್ಪಷ್ಟವಾದ ಪದಗಳ ಬೆಲೆಯೇನೆಂಬುದು ಇದರಿಂದ ತಿಳಿಯುವುದು.

ಆದಕಾರಣ ಮಕ್ಕಳಿಗೆ ಪದದೊಡನೆ ಪ್ರಯೋಗವನ್ನೂ ಕಲಿಸಿರಿ. ಕೇಳುವಾಗ ಆಡಿದವರಾರು, ಆಡಿದ ಸಂದರ್ಭವಾವುದು ಎಂಬುದನ್ನು ನೋಡಲಿ, ಸಂದೇಹವಾದರೆ "ತಮ್ಮ ಅಭಿಪ್ರಾಯ ಇದೇ ಏನು?" ಎಂದು ಕೇಳಲಿ. ಕೇಳುವುದು ಅವಮಾನವಲ್ಲ. ಆಡುವಾಗ ಮಾತ್ರ, ರೋಗ, ಋಣ, ಆಪತ್ತುಗಳ ವಿಷಯದಲ್ಲಿ, ಧ್ವನಿಯನ್ನು ಕವಿಗಳಿಗೆ ಬಿಟ್ಟು ಅಭಿಧೆಯನ್ನೇ ಆಶ್ರಯಿಸಲಿ. ಮನೆಗೆ ಬೆಂಕಿ ಬಿದ್ದಾಗ "ಬೆಂಕಿ" ಎಂದೇ ಕೂಗಬೇಕು.